ಸ್ವಯಂಸೇವೆಯ ಅಕ್ಷರಾಭ್ಯಾಸ

ಎರಡು ತಿಂಗಳ ಹಿಂದೆ ಒಂದು ಸಾಯಂಕಾಲ ನಾವು ಜಗಲಿಯ ಮೇಲೆ ಕುಳಿತು, ಬೆಳಗಿನ ಪತ್ರಿಕೆಯಲ್ಲಿ ಉಳಿದಿದ್ದ ಪುಟಗಳನ್ನು ಓದಿ ಮುಗಿಸುತ್ತಿದ್ದೆವು. ಆಗ ನಮ್ಮ ಬೀದಿಯ ಗೃಹಸ್ಥರೊಬ್ಬರು ತಮ್ಮ ಮಗಳೊಡನೆ ಬಂದರು. ಹುಡುಗಿಗೆ 17 ವರ್ಷ. ಪದವಿಪೂರ್ವ ತರಗತಿಯ ಮೊದಲನೆಯ ವರ್ಷದಲ್ಲಿ ಓದುತ್ತಿರುವಳು. ತಂದೆ ಬ್ಯಾಂಕೊಂದರಲ್ಲಿ ಕೆಲಸದಲ್ಲಿರುವವರು, ಮಿತಭಾಷಿಗಳು. ಅಂದು ಮಾತ್ರ ಕುಳಿತೊಡನೆಯೇ, “ಮೇಷ್ಟ್ರೇ, ಇವಳಿಗೆ ಸಮಾಜಸೇವೆಯ ಹುಚ್ಚು ಹಿಡಿದಿದೆ. ತಾವು ಸ್ವಲ್ಪ ಬುದ್ಧಿ ಹೇಳಬೇಕು” ಎಂದರು. ಯಾವ ಕಡೆಯ ಬುದ್ಧಿ ಎಂಬುದನ್ನು ಅವರು ತಿಳಿಸಲಿಲ್ಲ, ನಾವೂ ಕೇಳಲಿಲ್ಲ. ಹುಡುಗಿಯನ್ನೇ ವಿಚಾರಿಸಿದೆವು.

ನಡೆದುದಿಷ್ಟು. ಅವಳ ಸಹಪಾಠಿಯೊಬ್ಬಳ ಹುಟ್ಟುಹಬ್ಬದ ನಿಮಿತ್ತ ಏಳೆಂಟು ಮಂದಿ ಗೆಳತಿಯರು ಸೇರಿ, ಊರಿನಲ್ಲಿರುವ ಅಂಧ ಬಾಲಿಕೆಯರ ವಿದ್ಯಾರ್ಥಿನಿಲಯಕ್ಕೆ ಹೋಗಿದ್ದರು. ಸಿಹಿ ಹಂಚಿದರು, ಹಾಡಿದರು, ಮೊಬೈಲಿನಲ್ಲಿ ಚಿತ್ರಗಳನ್ನು ತೆಗೆದುಕೊಂಡರು. ಒಂದು ಗಂಟೆಯೊಳಗೆ ಎಲ್ಲವೂ ಮುಗಿಯಿತು. ಹೊರಡುವಾಗ ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ಈ ಹುಡುಗಿಯ ಕೈಹಿಡಿದು, “ಅಕ್ಕ, ಮತ್ತೆ ಯಾವಾಗ ಬರುತ್ತೀರಿ? ನಮಗೆ ಸಮಾಜಪಾಠ ಓದಿ ಹೇಳುವವರಿಲ್ಲ” ಎಂದಳಂತೆ. ಉಳಿದವರು ಆಟೋ ಬಂತೆಂದು ಕರೆದರು. ಇವಳು “ಬರುತ್ತೇನೆ” ಎಂದು ಹೇಳಿ ಬಂದಳು. ಹೇಳಿ ಮೂರು ವಾರವಾಯಿತು, ಹೋಗಿಲ್ಲ. ರಾತ್ರಿ ಮಲಗುವಾಗ ಆ ಮಾತು ನೆನಪಾಗುತ್ತದೆ ಎಂದಳು.

ತಂದೆಗೆ ಇದು ಹುಚ್ಚಾಗಿ ಕಂಡಿತ್ತು. ನಮಗೆ ಹಾಗೆ ಕಾಣಲಿಲ್ಲ. ಆ ಬಾಲಿಕೆ ಕೇಳಿದುದು ಸಿಹಿಯನ್ನಲ್ಲ, ದಿನಾಂಕವನ್ನು. ಸೇವೆಗೆ ಹೊರಡುವ ತರುಣರಲ್ಲಿ ಬಹುಮಂದಿ ಎಡವುವುದು ಈ ದಿನಾಂಕದ ಹೊಸ್ತಿಲಿನಲ್ಲಿಯೇ. ನಾವೂ ಒಮ್ಮೆ ಅಲ್ಲಿಯೇ ಎಡವಿದವರು. ಆ ಕಥೆಯನ್ನು ಮುಂದೆ ಹೇಳುವೆವು.

ಮೊದಲು, ಮೇಷ್ಟರ ಹಳೆಯ ಚಟದಂತೆ, ಶಬ್ದದ ವಿಚಾರ. ಸೇವೆ ಎಂಬುದು ‘ಸೇವ್’ ಎಂಬ ಸಂಸ್ಕೃತ ಧಾತುವಿನಿಂದ ಬಂದುದು. ಆ ಧಾತುವಿಗೆ ಪರಿಚರ್ಯೆ ಮಾಡುವುದು ಎಂಬ ಅರ್ಥ ಉಂಟು. ಅದರೊಡನೆ ಬಳಿಯಲ್ಲಿರುವುದು, ಮರಳಿ ಮರಳಿ ಆಶ್ರಯಿಸುವುದು ಎಂಬ ಅರ್ಥಗಳೂ ಉಂಟು. ಔಷಧಸೇವನೆ ಎನ್ನುತ್ತೇವೆ, ವಾಯುಸೇವನೆ ಎನ್ನುತ್ತೇವೆ. ಅಲ್ಲಿರುವುದೂ ಇದೇ ಸೇವೆ. ಹತ್ತು ದಿನದ ಔಷಧವನ್ನು ಒಂದೇ ದಿನ ಕುಡಿದವನನ್ನು ಯಾರೂ ಔಷಧಸೇವನೆ ಮಾಡಿದನೆನ್ನುವುದಿಲ್ಲ. ವೈದ್ಯರಿದ್ದಲ್ಲಿಗೆ ಎತ್ತಿಕೊಂಡು ಓಡುತ್ತಾರೆ. ಗೊತ್ತಾದ ಹೊತ್ತಿಗೆ, ಗೊತ್ತಾದ ಪ್ರಮಾಣದಲ್ಲಿ, ಬೇಸರವಾದರೂ ಬಿಡದೆ ತೆಗೆದುಕೊಂಡರೆ ಅದು ಸೇವನೆ. ‘ಸ್ವಯಂ’ ಎಂಬ ಪೂರ್ವಪದವೂ ತರುಣರನ್ನು ದಾರಿ ತಪ್ಪಿಸುವುದುಂಟು. ಸ್ವಯಂ ಎಂದರೆ ತಾನಾಗಿ, ಯಾರ ಬಲಾತ್ಕಾರವೂ ಇಲ್ಲದೆ. ಆದುದರಿಂದ ಇಷ್ಟವಾದಾಗ ಹೋಗಬಹುದು, ಇಷ್ಟವಿಲ್ಲದಾಗ ಬಿಡಬಹುದು ಎಂದು ಅವರು ತಿಳಿಯುತ್ತಾರೆ. ನಮ್ಮ ಮತದಲ್ಲಿ ‘ಸ್ವಯಂ’ ಎಂಬುದು ಬಾಗಿಲಿನವರೆಗೆ ಮಾತ್ರ. ಒಳಗೆ ಕಾಲಿಟ್ಟು ಮಾತು ಕೊಟ್ಟ ಮೇಲೆ ಸಂಬಳದ ನೌಕರನಿಗೂ ಸ್ವಯಂಸೇವಕನಿಗೂ ಹೊತ್ತಿನ ವಿಷಯದಲ್ಲಿ ಭೇದವಿಲ್ಲ.

ಆರಂಭ ಹೇಗಿರಬೇಕೆಂಬುದಕ್ಕೆ ನಮಗೆ ಯಾವಾಗಲೂ ನೆನಪಾಗುವುದು ಗಾಂಧೀಜಿಯವರು ಆತ್ಮಕಥೆಯಲ್ಲಿ ಹೇಳಿಕೊಂಡಿರುವ ಒಂದು ಸಂಗತಿ. 1901ರ ಡಿಸೆಂಬರಿನಲ್ಲಿ ಕಲಕತ್ತೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ದಕ್ಷಿಣ ಆಫ್ರಿಕದಿಂದ ಬಂದಿದ್ದ ಅವರಿಗೆ ಆಗ 32 ವರ್ಷ. ಅಲ್ಲಿ ಸ್ವಯಂಸೇವಕರಿಗೆ ಕೊರತೆಯಿರಲಿಲ್ಲ. ಆದರೆ ಒಬ್ಬನಿಗೆ ಒಂದು ಕೆಲಸ ಹೇಳಿದರೆ ಅವನು ಅದನ್ನು ಇನ್ನೊಬ್ಬನಿಗೆ ದಾಟಿಸುವನು, ಇನ್ನೊಬ್ಬನು ಮತ್ತೊಬ್ಬನಿಗೆ. ಕೆಲಸ ಮಾತ್ರ ಇದ್ದಲ್ಲಿಯೇ ಇರುವುದು. ಶೌಚದ ಸ್ಥಳಗಳ ಹೊಲಸನ್ನು ತೋರಿಸಿದರೆ, ಅದು ನಮ್ಮ ಕೆಲಸವಲ್ಲ, ಜಾಡಮಾಲಿಯದು ಎಂಬ ಉತ್ತರ. ಗಾಂಧೀಜಿ ಒಂದು ಪೊರಕೆಯನ್ನು ಹುಡುಕಿ ತರಿಸಿಕೊಂಡು ತಾವೇ ಗುಡಿಸಿದರು. ಬಳಿಕ ಕಾಂಗ್ರೆಸ್ಸಿನ ಕಚೇರಿಗೆ ಹೋಗಿ, ಏನಾದರೂ ಕೆಲಸವಿದ್ದರೆ ಕೊಡಿ ಎಂದು ಕೇಳಿದರು. ಕಾರ್ಯದರ್ಶಿಗಳಾಗಿದ್ದ ಘೋಷಾಲರು, ಗುಮಾಸ್ತನ ಕೆಲಸವಿದೆ, ಮಾಡುವಿರಾ ಎಂದು ಕೇಳಿ ರಾಶಿಬಿದ್ದಿದ್ದ ಕಾಗದಗಳನ್ನು ಒಪ್ಪಿಸಿದರು. ಬ್ಯಾರಿಸ್ಟರು ಕುಳಿತು ಕಾಗದಗಳನ್ನು ವಿಲೇವಾರಿ ಮಾಡಿದರು. ಇವರಾರೆಂಬುದು ತಿಳಿದ ಮೇಲೆ ಘೋಷಾಲರಿಗೆ ನಾಚಿಕೆಯಾಯಿತಂತೆ, ಇವರಿಗಾಗಲಿಲ್ಲ.

ಈ ಸಂಗತಿಯಲ್ಲಿ ನಮ್ಮ ಮನಸ್ಸನ್ನು ಹಿಡಿಯುವುದು ಪೊರಕೆಗಿಂತ ಆ ಕಾಗದದ ರಾಶಿ. ಪೊರಕೆ ಹಿಡಿದ ಚಿತ್ರವನ್ನು ಎಲ್ಲರೂ ತೆಗೆಸಿಕೊಳ್ಳಬಲ್ಲರು. ಉತ್ತರ ಬರೆಯದೆ ಬಿದ್ದಿರುವ ಕಾಗದಗಳಿಗೆ ಉತ್ತರ ಬರೆಯುವುದರಲ್ಲಿ ಚಿತ್ರಕ್ಕೆ ಯೋಗ್ಯವಾದುದು ಏನೂ ಇಲ್ಲ. ನಿಮಗೆ ಯಾವ ಕೆಲಸಕ್ಕೆ ಜನ ಬೇಕು ಎಂದು ಕೇಳಿ, ಅವರು ತೋರಿಸಿದುದನ್ನು ಕೈಗೆತ್ತಿಕೊಂಡುದೇ ಅಲ್ಲಿಯ ವಿಶೇಷ. ನಮ್ಮ ತರುಣರು ಇದಕ್ಕೆ ಬದಲಾಗಿ ತಮಗೆ ಕೊಡಲಿಷ್ಟವಾದುದನ್ನು ಕೊಂಡೊಯ್ಯುತ್ತಾರೆ, ಹುಟ್ಟುಹಬ್ಬದ ಸಿಹಿಯಂತೆ.

ವರ್ಷಕ್ಕೊಮ್ಮೆ ಮೂರು ದಿನ ನಡೆಯುವ ಸಭೆಯಲ್ಲಿ ಸ್ವಯಂಸೇವಕನಿಗೆ ಶಿಕ್ಷಣವೆಲ್ಲಿಂದ ಬರಬೇಕೆಂಬುದು ಗಾಂಧೀಜಿಯವರ ಆಕ್ಷೇಪವಾಗಿತ್ತು. ಅದಕ್ಕೆ ಉತ್ತರವೆಂಬಂತೆ ನಮ್ಮ ಕರ್ನಾಟಕದಿಂದಲೇ ಒಬ್ಬರು ಹೊರಟರು. ವೈದ್ಯಶಾಸ್ತ್ರವನ್ನು ಓದಿದ್ದ ಡಾಕ್ಟರ್ ನಾ. ಸು. ಹರ್ಡೀಕರರು ಹುಬ್ಬಳ್ಳಿಯ ತರುಣರನ್ನು ಕಟ್ಟಿಕೊಂಡು ಕೆಲಸ ಮಾಡುತ್ತಿದ್ದವರು. 1923ರಲ್ಲಿ ನಾಗಪುರದ ಧ್ವಜಸತ್ಯಾಗ್ರಹದಲ್ಲಿ ಅವರೂ ಅವರ ಸಂಗಡಿಗರೂ ಸೆರೆಮನೆ ಸೇರಿ, ಕ್ಷಮೆ ಕೇಳಲೊಪ್ಪದೆ ನಿಂತರು. ಆ ವರ್ಷದ ಕೊನೆಗೆ ಕಾಕಿನಾಡದ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳವು ಸ್ಥಾಪಿತವಾಯಿತು. ಮರುವರ್ಷ, 1924ರ ಡಿಸೆಂಬರಿನಲ್ಲಿ, ಬೆಳಗಾವಿಯ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನವದು. ಕಲಕತ್ತೆಯಲ್ಲಿ ಕೆಲಸವನ್ನು ಕೈಯಿಂದ ಕೈಗೆ ದಾಟಿಸುವವರನ್ನು ಕಂಡಿದ್ದ ಅವರಿಗೆ 23 ವರ್ಷಗಳ ಮೇಲೆ ಬೆಳಗಾವಿಯಲ್ಲಿ ಹರ್ಡೀಕರರ ಸ್ವಯಂಸೇವಕ ಪಡೆ ಎದುರಾಯಿತು. ಸೇವೆಗೆ ಉತ್ಸಾಹವಿದ್ದರೆ ಸಾಲದು, ಅಭ್ಯಾಸ ಬೇಕೆಂಬುದು ಅವರ ಉಪಜ್ಞೆ.

ಸ್ವಾತಂತ್ರ್ಯಾನಂತರ ಈ ಅಭ್ಯಾಸವನ್ನು ಕಾಲೇಜುಗಳಿಗೆ ತಂದುದು ರಾಷ್ಟ್ರೀಯ ಸೇವಾ ಯೋಜನೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾನಿಲಯಗಳಲ್ಲಿ 40,000 ಸ್ವಯಂಸೇವಕರೊಡನೆ ಅದು ಆರಂಭವಾಯಿತು. ಅದರ ಲಾಂಛನ ಕೋಣಾರ್ಕದ ರಥಚಕ್ರ. ಚಕ್ರದ ಎಂಟು ಅರೆಗಳು ದಿನದ ಎಂಟು ಜಾವಗಳನ್ನು, ಎಂದರೆ 24 ಗಂಟೆಗಳನ್ನು, ಸೂಚಿಸುವುವು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಏಳು ದಿನಗಳ ಒಂದು ವಿಶೇಷ ಶಿಬಿರ, ಇದು ಅದರ ಪದ್ಧತಿ. ಕಾಲೇಜಿಗೆ ಸೇರಿದ ತರುಣನು ಎಲ್ಲಿ ಆರಂಭಿಸಲೆಂದು ಕೇಳಿದರೆ ನಾವು ಮೊದಲು ತೋರಿಸುವುದು ಈ ಬಾಗಿಲನ್ನೇ. ಅಲ್ಲಿ ಕೇಳಿ ತಿಳಿಯಲು ಅಧ್ಯಾಪಕರೊಬ್ಬರಿರುತ್ತಾರೆ, ಲೆಕ್ಕಕ್ಕೆ ಪುಸ್ತಕವಿರುತ್ತದೆ. ಆದರೆ ಲೆಕ್ಕದ ಪುಸ್ತಕದಲ್ಲಿ ಗಂಟೆ ತುಂಬಿತೆಂದು ಕೆಲಸವೂ ತುಂಬಿತೆಂದು ತಿಳಿಯಬಾರದು. ಇದನ್ನು ಯಾರ ಮೇಲಿನ ದೂಷಣೆಗಾಗಿಯೂ ಹೇಳುತ್ತಿಲ್ಲ. ನಮ್ಮ ಮೇಲಿನದನ್ನೇ ಹೇಳುವೆವು.

1984ನೆಯ ಇಸವಿ. ನಮಗೆ 19 ವರ್ಷ. ಸಂಸ್ಕೃತವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡು ಪದವಿ ತರಗತಿಯಲ್ಲಿ ಓದುತ್ತಿದ್ದೆವು. ನಮ್ಮ ವಿದ್ಯಾರ್ಥಿನಿಲಯದಲ್ಲಿ ಇತಿಹಾಸವನ್ನು ಓದುತ್ತಿದ್ದ ಒಬ್ಬ ಅಂಧ ವಿದ್ಯಾರ್ಥಿ ಇದ್ದನು. ನಮಗಿಂತ ಒಂದು ವರ್ಷ ಹಿರಿಯ. ಅವನ ಪಠ್ಯಪುಸ್ತಕಗಳಲ್ಲಿ ಒಂದೂ ಬ್ರೈಲ್ ಲಿಪಿಯಲ್ಲಿ ದೊರೆಯುತ್ತಿರಲಿಲ್ಲ. ಸೋಮವಾರ, ಗುರುವಾರ ಸಂಜೆ ಏಳರಿಂದ ಎಂಟೂವರೆಯವರೆಗೆ ನಾವು ಓದುವುದು, ಅವನು ತನ್ನ ಹಲಗೆಯ ಮೇಲೆ ಮೊಳೆಯಿಂದ ಚುಚ್ಚಿ ಬರೆದುಕೊಳ್ಳುವುದು, ಹೀಗೆ ಗೊತ್ತಾಗಿತ್ತು. ಆ ಹಲಗೆಯಲ್ಲಿ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು. ಕಾಗದವನ್ನು ತಿರುವಿ ಹಾಕಿದಾಗ ಉಬ್ಬಿದ ಚುಕ್ಕೆಗಳನ್ನು ಎಡದಿಂದ ಬಲಕ್ಕೆ ಬೆರಳಿನಿಂದ ಓದಬೇಕು. ಅವನು ಚುಚ್ಚುವ ಟಿಕ್ ಟಿಕ್ ಸದ್ದು ನಮ್ಮ ಓದಿನ ವೇಗವನ್ನು ತಡೆದು ಹಿಡಿಯುತ್ತಿತ್ತು. ಮೊದಮೊದಲು ಅದು ಬೇಸರ ತಂದಿತು. ಬಳಿಕ ಆ ಸದ್ದಿಗೆ ಹೊಂದಿಕೊಂಡು ಓದುವುದು ಅಭ್ಯಾಸವಾಯಿತು. ಏಳು ತಿಂಗಳು ಹೀಗೆ ನಡೆಯಿತು. ನಮ್ಮ ಮೇಲೆ ನಮಗೇ ಬಹಳ ಗೌರವ ಹುಟ್ಟಿತ್ತೆಂಬುದನ್ನೂ ಒಪ್ಪಿಕೊಳ್ಳಬೇಕು.

ಪರೀಕ್ಷೆಗಳು ರಾಮನವಮಿಯ ದಿನಗಳಲ್ಲಿಯೇ ಬಂದುವು. ಅವನ ಪತ್ರಿಕೆಯ ಹಿಂದಿನ ದಿನ ಕೊನೆಯ ಎರಡು ಅಧ್ಯಾಯಗಳನ್ನು ಓದಿ ಹೇಳುವುದಾಗಿ ಒಪ್ಪಿದ್ದೆವು. ಅಂದೇ ಊರಿನ ರಾಮೋತ್ಸವದಲ್ಲಿ, ನಾವು ಬಹುದಿನದಿಂದ ಕೇಳಬೇಕೆಂದಿದ್ದ ವಿದ್ವಾಂಸರ ಕಛೇರಿ. ಗೆಳೆಯರು ಕರೆದರು. ಅವನಿಗೆ ಯಾರಾದರೂ ಓದಿ ಹೇಳಿಯಾರು, ಇಷ್ಟು ದಿನ ನಾವೇ ಓದಿಲ್ಲವೇ, ಒಂದು ದಿನ ತಪ್ಪಿದರೇನು ಎಂದು ಮನಸ್ಸು ಲೆಕ್ಕ ಹಾಕಿತು. ಹೋದೆವು. ಕಛೇರಿ ಬಹಳ ಚೆನ್ನಾಗಿತ್ತು. ಹಿಂದಿರುಗಿದಾಗ ಹನ್ನೊಂದು ಗಂಟೆ; ಅವನ ಕೊಠಡಿಯ ಬಾಗಿಲು ಮುಚ್ಚಿತ್ತು. ಒಂಬತ್ತೂವರೆಯವರೆಗೆ ಅವನು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೊಗಸಾಲೆಯ ಬೆಂಚಿನ ಮೇಲೆ ಕುಳಿತಿದ್ದನೆಂದು ಅಡಿಗೆಯವರು ಹೇಳಿದರು.

ಆ ಅಧ್ಯಾಯಗಳಿಂದ ಒಂದು ದೊಡ್ಡ ಪ್ರಶ್ನೆ ಬಂದಿತ್ತು. ಅವನು ತೇರ್ಗಡೆಯಾದನು, ಪ್ರಥಮ ದರ್ಜೆ ಕೆಲವೇ ಅಂಕಗಳಿಂದ ಕೈತಪ್ಪಿತು. ನಾವು ಕ್ಷಮೆ ಕೇಳಲು ಹೋದಾಗ ಅವನು ಕೋಪಿಸಿಕೊಳ್ಳಲಿಲ್ಲ. “ಬರುವುದಿಲ್ಲವೆಂದು ಮಧ್ಯಾಹ್ನವೇ ಹೇಳಿದ್ದರೆ ಬೇರೆ ಯಾರನ್ನಾದರೂ ಕೇಳಿಕೊಳ್ಳುತ್ತಿದ್ದೆ. ನೀನು ಬರುತ್ತೀಯೆಂದು ಯಾರನ್ನೂ ಕೇಳಲಿಲ್ಲ” ಎಂದಷ್ಟೇ ಹೇಳಿದನು. ಅದರ ಬಳಿಕ ಅವನು ನಮ್ಮನ್ನು ಓದಲು ಕರೆಯಲಿಲ್ಲ. ಎದುರಾದಾಗ ಕುಶಲ ವಿಚಾರಿಸುತ್ತಿದ್ದನು, ಅಷ್ಟೇ. 40 ವರ್ಷ ಕಳೆದರೂ ಆ ಕಛೇರಿಯಲ್ಲಿ ಕೇಳಿದ ರಾಗ ಎಲ್ಲಿಯಾದರೂ ಕಿವಿಗೆ ಬಿದ್ದರೆ ನಮಗೆ ಬೆಂಚು ನೆನಪಾಗುತ್ತದೆ.

ಇದನ್ನು ಆ ಹುಡುಗಿಗೂ ಹೇಳಿದೆವು. ಹೇಳಿ, ನೀನು ಬೇರೆ ಸಂಸ್ಥೆಗಳನ್ನು ಹುಡುಕಬೇಕಾಗಿಲ್ಲ. ಕೈಹಿಡಿದು ಕೇಳಿದವಳು ಇರುವ ಕಡೆಗೇ ಹೋಗು, ಆದರೆ ಹೋಗುವ ಮೊದಲು ವಾರಕ್ಕೆ ಎಷ್ಟು ಹೊತ್ತು ತಪ್ಪದೆ ಕೊಡಬಲ್ಲೆಯೆಂದು ಲೆಕ್ಕ ಹಾಕು ಎಂದೆವು. ಅವಳು ಉತ್ಸಾಹದಿಂದ, ವಾರಕ್ಕೆ ನಾಲ್ಕು ದಿನ ಎಂದಳು. ಅರ್ಧ ಮಾಡು ಎಂದೆವು. ಎರಡು ದಿನ ಎಂದಳು. ಮತ್ತೆ ಅರ್ಧ ಮಾಡೆಂದೆವು. ಕೊನೆಗೆ ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಎಂದು ನಿಂತಿತು. ಪರೀಕ್ಷೆ, ಹಬ್ಬ, ನೆಂಟರ ಮದುವೆ, ಇವೆಲ್ಲವನ್ನೂ ದಾಟಿ ನಿಲ್ಲುವುದು ಇಷ್ಟೇ ಎಂಬುದು ನಮ್ಮ ಅನುಭವ. ಹೆಚ್ಚಿಸುವುದು ಯಾವಾಗಲೂ ಸುಲಭ. ಇಳಿಸಿದರೆ ಮತ್ತೊಬ್ಬರು ಬೆಂಚಿನ ಮೇಲೆ ಕಾಯುವರು.

ಓದಿ ಹೇಳುವುದು ಸುಲಭವೆಂದು ತೋರುವುದು. ಮಾಡಿ ನೋಡಿದವರಿಗೆ ಅದರ ಮರ್ಮ ತಿಳಿಯುವುದು. ಕೊಠಡಿಗೆ ಹೋದೊಡನೆ ತನ್ನ ಹೆಸರನ್ನು ಹೇಳಬೇಕು. “ಯಾರು ಬಂದಿದ್ದಾರೆ ಹೇಳು ನೋಡೋಣ” ಎಂಬ ವಿನೋದ ಬೇಡ. ಎದ್ದು ಹೋಗುವಾಗಲೂ ಹೇಳಿಯೇ ಹೋಗಬೇಕು. ಇಲ್ಲವಾದರೆ ಅವರು ಬರಿಯ ಕುರ್ಚಿಯೊಡನೆ ಮಾತಾಡುವಂತಾಗುವುದು. ದಾರಿ ತೋರಿಸುವಾಗ ಅವರ ಕೈಯನ್ನು ನಾವು ಹಿಡಿದೆಳೆಯಬಾರದು; ನಮ್ಮ ಮೊಳಕೈಯ ಮೇಲ್ಭಾಗವನ್ನು ಅವರು ಹಿಡಿದುಕೊಳ್ಳುವಂತೆ ಮಾಡಿ, ಅರ್ಧ ಹೆಜ್ಜೆ ಮುಂದೆ ನಡೆಯಬೇಕು; ಮೆಟ್ಟಿಲು ಬಂದರೆ ಏರುವುದೋ ಇಳಿಯುವುದೋ ಎಂದು ಹೇಳಬೇಕು. ಅವರ ವಸ್ತುಗಳನ್ನು ಇದ್ದ ಸ್ಥಳದಿಂದ ಕದಲಿಸಬಾರದು. ಇನ್ನು ಓದುವಾಗ, ಪಾಠದಲ್ಲಿ ಬಂದ ಹೊಸ ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳಬೇಕು. ಇಸವಿಗಳನ್ನು ಎರಡು ಸಲ ಹೇಳಬೇಕು. ಚಿತ್ರವನ್ನೋ ಕೋಷ್ಟಕವನ್ನೋ ಹಾರಿಸಿ ಮುಂದೆ ಹೋಗಬಾರದು, ಅದರಲ್ಲೇನಿದೆಯೆಂದು ವರ್ಣಿಸಬೇಕು. ನಡುವೆ ತನ್ನ ಅಭಿಪ್ರಾಯವನ್ನು ಸೇರಿಸುವುದಾದರೆ, ಇದು ಪುಸ್ತಕದ್ದಲ್ಲ, ನನ್ನದು ಎಂದು ತಿಳಿಸಬೇಕು. ಮೇಷ್ಟರುಗಳಾದ ನಾವೇ ಈ ಕೊನೆಯ ನಿಯಮವನ್ನು ಹೆಚ್ಚಾಗಿ ಮುರಿಯುವವರು.

ಭೂಪಟದ ಗತಿಯೇನೆಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ದಪ್ಪ ರಟ್ಟಿನ ಮೇಲೆ ಕರ್ನಾಟಕದ ಎಲ್ಲೆಯನ್ನು ಬರೆದು, ಗೆರೆಯ ಉದ್ದಕ್ಕೂ ಗೋಂದು ಹಚ್ಚಿ ಗೋಣಿಯ ದಾರವನ್ನು ಅಂಟಿಸಬೇಕು. ಪಶ್ಚಿಮಘಟ್ಟಕ್ಕೆ ರಾಗಿಯ ಕಾಳು, ನದಿಗಳಿಗೆ ತೆಳುವಾದ ನೂಲು, ಊರುಗಳಿಗೆ ಒಂದೊಂದು ಹುಣಿಸೆಬೀಜ. ತಲಕಾವೇರಿಯಲ್ಲಿ ಬೆರಳನ್ನಿಟ್ಟು ನೂಲನ್ನು ಅನುಸರಿಸಿದರೆ ಬೆರಳು ತಾನಾಗಿಯೇ ಪೂರ್ವಕ್ಕೆ ಹೋಗುವುದು. ನಾವು ಪಾಠಶಾಲೆಯಲ್ಲಿದ್ದಾಗ ಇಂಥದೊಂದನ್ನು ಮಾಡಿಸಿದ್ದೆವು. ಕಣ್ಣು ಕಾಣುವ ಹುಡುಗರಿಗೂ ಗೋಡೆಯ ಭೂಪಟಕ್ಕಿಂತ ಅದೇ ಹೆಚ್ಚು ಪ್ರಿಯವಾಗಿತ್ತು. ಇಲಿಗಳಿಗೂ ಪ್ರಿಯವಾಗಿತ್ತು, ಒಂದು ರಜೆಯಲ್ಲಿ ಪಶ್ಚಿಮಘಟ್ಟವೆಲ್ಲ ಖಾಲಿಯಾಯಿತು.

ಈಗ ಮೊಬೈಲೂ ಕಂಪ್ಯೂಟರೂ ಪುಸ್ತಕವನ್ನು ಓದಿ ಹೇಳುವುವಲ್ಲ, ಮನುಷ್ಯರೇಕೆ ಬೇಕು ಎಂದು ವಾಚಕರು ಕೇಳಬಹುದು. ಯಂತ್ರದ ಉಪಕಾರ ದೊಡ್ಡದು, ಅಲ್ಲವೆನ್ನುವುದಿಲ್ಲ. ಆದರೆ ಅಧ್ಯಾಪಕರ ಕೈಬರಹದ ಟಿಪ್ಪಣಿ, ಭೂಪಟ, ರೇಖಾಗಣಿತದ ಆಕೃತಿ, ಇವುಗಳ ಮುಂದೆ ಯಂತ್ರವು ಇನ್ನೂ ತಡವರಿಸುವುದುಂಟು. ಪರೀಕ್ಷೆಯ ಕೊಠಡಿಯಲ್ಲಂತೂ ಬಹುಮಂದಿಗೆ ಇಂದಿಗೂ ಬರೆಯುವವನೊಬ್ಬನು ಬೇಕು. ಅವನನ್ನು ಲಿಪಿಕಾರನೆನ್ನುತ್ತಾರೆ. 2016ರಲ್ಲಿ ಅಂಗವಿಕಲರ ಹಕ್ಕುಗಳ ಅಧಿನಿಯಮವಾಯಿತು. ಅದರ ಬಳಿಕ 2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಮಾರ್ಗಸೂಚಿಯಲ್ಲಿ, ಇಂಥ ಪರೀಕ್ಷಾರ್ಥಿಗಳಿಗೆ ಗಂಟೆಯೊಂದಕ್ಕೆ 20 ನಿಮಿಷಕ್ಕೆ ಕಡಿಮೆಯಾಗದಂತೆ ಹೆಚ್ಚಿನ ಕಾಲ ಕೊಡಬೇಕೆಂದು ವಿಧಿಸಿತು. ಎಂದರೆ ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ. ಪರೀಕ್ಷಾರ್ಥಿ ತಾನೇ ಲಿಪಿಕಾರನನ್ನು ಕರೆತರುವುದಾದರೆ, ಅವನ ವಿದ್ಯಾರ್ಹತೆ ಪರೀಕ್ಷಾರ್ಥಿಯ ಅರ್ಹತೆಗಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂದೂ ಅದರಲ್ಲಿ ಹೇಳಿತ್ತು. ಹೀಗಾಗಿ ನಮ್ಮ ಹುಡುಗಿ ಹತ್ತನೆಯ ತರಗತಿಯ ಬಾಲಿಕೆಗೆ ಓದಿ ಹೇಳಬಹುದೇ ಹೊರತು ಲಿಪಿಕಾರಳಾಗುವಂತಿಲ್ಲ. ಅವಳ ತಮ್ಮ ಒಂಬತ್ತನೆಯ ತರಗತಿಯಲ್ಲಿರುವನು, ಈ ಮಾತನ್ನು ನಾವು ಆಡಿದಾಗ ತಂದೆಯವರು, “ಅವನೂ ಏಕೆ?” ಎಂಬಂತೆ ನಮ್ಮನ್ನು ನೋಡಿದರು.

ಲಿಪಿಕಾರನ ಧರ್ಮ ಸೂಕ್ಷ್ಮವಾದುದು. ವ್ಯಾಸರು ಭಾರತವನ್ನು ಹೇಳಿದಾಗ ಗಣಪತಿ ಬರೆದುಕೊಂಡನೆಂದೂ, ಅರ್ಥವಾಗದೆ ಏನನ್ನೂ ಬರೆಯಕೂಡದೆಂದು ವ್ಯಾಸರು ಕಟ್ಟು ಮಾಡಿದರೆಂದೂ ಕಥೆಯುಂಟಷ್ಟೆ. ಪರೀಕ್ಷೆಯ ಲಿಪಿಕಾರನಿಗೆ ಕಟ್ಟು ಬೇರೆ: ಎಷ್ಟು ಅರ್ಥವಾದರೂ ಹೇಳಿದುದಕ್ಕಿಂತ ಒಂದಕ್ಷರ ಹೆಚ್ಚು ಬರೆಯಕೂಡದು. ಅವರು ತಪ್ಪು ಇಸವಿಯನ್ನು ಹೇಳಿದರೆ ತಪ್ಪನ್ನೇ ಬರೆಯಬೇಕು. ಕೈ ತಡೆಯುವುದಿಲ್ಲ, ಸರಿಯಾದುದನ್ನು ಬರೆದುಬಿಡೋಣವೆನ್ನಿಸುವುದು. ಬರೆದರೆ ಅದು ಉಪಕಾರವಲ್ಲ. ಆ ಉತ್ತರ ಪತ್ರಿಕೆ ಅವರದಾಗಿ ಉಳಿಯುವುದಿಲ್ಲ.

ಕನಿಕರದ ವಿಷಯದಲ್ಲಿಯೂ ಒಂದು ಮಾತು. ಅಂಧರೆಂದರೆ ಪಡೆದುಕೊಳ್ಳುವವರೆಂದೇ ಕೆಲವರ ಭಾವನೆ. ಫ್ರಾನ್ಸಿನ ಲೂಯಿ ಬ್ರೈಲ್ ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡವನು. ಆರು ಚುಕ್ಕೆಗಳ ಲಿಪಿಗೆ ಅವನು ರೂಪ ಕೊಟ್ಟುದು 1824ರಲ್ಲಿ, ತನ್ನ 15ನೆಯ ವಯಸ್ಸಿನಲ್ಲಿ. ಕನ್ನಡವೂ ಇಂದು ಆ ಚುಕ್ಕೆಗಳಲ್ಲಿ ಬರೆಯಲ್ಪಡುವುದು. ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ, 1944ರಲ್ಲಿ ಅವರು ಕಾಲವಾದ ಮೇಲೆ 2010ರವರೆಗೆ ಪುಟ್ಟರಾಜ ಗವಾಯಿಗಳೂ ಎಷ್ಟು ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು! ಇಬ್ಬರೂ ಅಂಧರು. ಆದುದರಿಂದ ಓದಿ ಹೇಳಲು ಹೋಗುವ ಹುಡುಗಿ ತಾನೇನೋ ದಾನ ಮಾಡುತ್ತಿರುವೆನೆಂದು ತಿಳಿದು ಹೋದರೆ, ಮೊದಲನೆಯ ದಿನವೇ ಯಾವಳೋ ಚುರುಕಾದ ಬಾಲಿಕೆ ಅವಳ ಉಚ್ಚಾರಣೆಯನ್ನು ತಿದ್ದಿಯಾಳು. ತಿದ್ದಲಿ.

ಇನ್ನು ತಂದೆತಾಯಿಗಳ ಮಾತು. ಹುಡುಗಿಯ ತಾಯಿಯವರ ಆಕ್ಷೇಪವನ್ನು ರಾಯರು ಸಂಕೋಚದಿಂದಲೇ ತಿಳಿಸಿದರು: ಕುಡಿದ ಲೋಟವನ್ನು ಎತ್ತಿಡದವಳಿಗೆ ಊರಿನ ಸೇವೆ ಏಕೆ ಎಂದು. ಆಕ್ಷೇಪ ನ್ಯಾಯವಾದುದೇ. ಹುಡುಗಿ ತಲೆ ತಗ್ಗಿಸಿದಳು. ಆದರೆ ಮನೆಯ ಕೆಲಸವನ್ನು ಹೊರಗಿನ ಕೆಲಸಕ್ಕೆ ಅಡ್ಡಗೋಡೆಯಾಗಿ ನಿಲ್ಲಿಸುವ ಬದಲು, ಅದೇ ಅಭ್ಯಾಸದ ಎರಡು ಪಾಠಗಳೆಂದು ತಿಳಿಯುವುದು ಮೇಲು. ಭಾನುವಾರ ಹತ್ತಕ್ಕೆ ಹೊರಡಬೇಕಾದವಳು ಒಂಬತ್ತಕ್ಕೆ ಮನೆಯ ಕೆಲಸವನ್ನು ಮುಗಿಸಬೇಕೆಂದು ಕಟ್ಟು ಮಾಡಿರಿ ಎಂದೆವು. ಗಂಡುಮಕ್ಕಳಿಗೂ ಈ ಕಟ್ಟು ಇರಲಿ. ಅವರ ಲೋಟಗಳ ವಿಷಯದಲ್ಲಿ ನಮ್ಮ ಮನೆಗಳು ಅತಿಯಾಗಿ ಉದಾರವಾಗಿವೆ.

ಪ್ರಾಯಕ್ಕೆ ಬಾರದ ಮಕ್ಕಳನ್ನು ಕಳುಹಿಸುವಾಗ ಹಿರಿಯರು ಒಮ್ಮೆ ತಾವೇ ಹೋಗಿ ನೋಡಿ ಬರಬೇಕು. ಮೇಲ್ವಿಚಾರಣೆ ಯಾರದು, ಕೆಲಸ ನಡೆಯುವುದು ಎಲ್ಲರ ಕಣ್ಣೆದುರಿನ ಕೋಣೆಯಲ್ಲಿಯೇ, ಮನೆಗೆ ಹಿಂದಿರುಗುವ ಹೊತ್ತು ಯಾವುದು, ಇವನ್ನು ವಿಚಾರಿಸುವುದರಲ್ಲಿ ಸಂಕೋಚ ಬೇಡ. ಸಂಸ್ಥೆಯವರೂ ನಿಮ್ಮ ಮಗಳ ವಿಷಯವನ್ನೆಲ್ಲ ಕೇಳಿ, ನಿಮ್ಮ ಒಪ್ಪಿಗೆಯ ಕಾಗದವನ್ನು ಬೇಡಿದರೆ ಬೇಸರಿಸಬಾರದು, ಸಂತೋಷಪಡಬೇಕು. ಅಲ್ಲಿಯ ಮಕ್ಕಳನ್ನೂ ಅವರು ಕಾಯಬೇಕಲ್ಲವೇ? ಹೆಸರನ್ನೂ ಕೇಳದೆ, ಬನ್ನಿ ಬನ್ನಿ ಎಂದು ಯಾರನ್ನಾದರೂ ಒಳಗೆ ಬಿಟ್ಟುಕೊಳ್ಳುವ ಸ್ಥಳಕ್ಕೆ ನಾವು ನಮ್ಮ ಮೊಮ್ಮಗಳನ್ನು ಕಳುಹಿಸುತ್ತಿರಲಿಲ್ಲ.

ಎಲ್ಲರಿಗೂ ಓದುವ ಕೆಲಸವೇ ಒಗ್ಗಬೇಕೆಂದಿಲ್ಲ. ಊರಿನ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಹೊದಿಕೆ ಹಾಕುವುದು, ಸರ್ಕಾರಿ ಶಾಲೆಯ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು, ನೆರೆಯ ವೃದ್ಧರನ್ನು ಪಿಂಚಣಿಯ ಕೆಲಸಕ್ಕೆ ಬ್ಯಾಂಕಿಗೆ ಕರೆದೊಯ್ಯುವುದು, ಎಲ್ಲವೂ ಆದೀತು. 18 ತುಂಬಿ, ತೂಕ 45 ಕಿಲೋಗ್ರಾಮಿಗೆ ಕಡಿಮೆಯಿಲ್ಲದೆ ಆರೋಗ್ಯವಾಗಿರುವವರು ರಕ್ತದಾನ ಮಾಡಬಹುದು. ಅಲ್ಲಿಯೂ ಉತ್ಸಾಹಕ್ಕೆ ಲೆಕ್ಕವುಂಟು, ಒಂದು ದಾನಕ್ಕೂ ಮುಂದಿನದಕ್ಕೂ ನಡುವೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ. ಆದರೆ ಪ್ರವಾಹ, ಭೂಕುಸಿತಗಳ ಸ್ಥಳಕ್ಕೆ ಅಭ್ಯಾಸವಿಲ್ಲದ ಹುಡುಗರು ಬೈಕುಗಳನ್ನೇರಿ ಧಾವಿಸುವುದನ್ನು ನಾವು ಒಪ್ಪೆವು. ಕಾಪಾಡಲು ಹೋದವರನ್ನೇ ಕಾಪಾಡಬೇಕಾಗಿ ಬರುವುದು. ಅಂಥ ಸಮಯದಲ್ಲಿ ಊರಿನಲ್ಲಿಯೇ ಕುಳಿತು, ಬಂದ ಬಟ್ಟೆಗಳಲ್ಲಿ ಹರಿದುದನ್ನು ಬೇರ್ಪಡಿಸಿ, ಅಳತೆಯ ಪ್ರಕಾರ ಗಂಟು ಕಟ್ಟಿ, ಮೇಲೆ ಚೀಟಿ ಬರೆದಿಟ್ಟರೆ ಅದು ಘೋಷಾಲರ ಕಾಗದದ ರಾಶಿಯ ಕೆಲಸಕ್ಕೆ ಸಮಾನವಾದುದು.

ಪ್ರಮಾಣಪತ್ರ ಸಿಗುವುದೇ ಎಂದು ರಾಯರು ಕೊನೆಯಲ್ಲಿ ಕೇಳಿದರು. ಮುಂದೆ ಓದಿಗೋ ಉದ್ಯೋಗಕ್ಕೋ ಸಹಾಯವಾದೀತೆಂಬುದು ಅವರ ಆಲೋಚನೆ. ತಂದೆಯಾದವರ ಆಲೋಚನೆ, ನಾವು ಹಳಿಯಲಿಲ್ಲ. ಕೊಟ್ಟರೆ ತೆಗೆದುಕೊಳ್ಳಲಿ, ಮೊದಲನೆಯ ಆರು ತಿಂಗಳು ಮಾತ್ರ ಕೇಳದಿರಲಿ ಎಂದೆವು. ಹುಡುಗಿ, “ಬೇಡವೇ ಬೇಡ” ಎಂದಳು. ಅದೂ ಸ್ವಲ್ಪ ಅತಿಯೆಂದೇ ನಮಗೆ ತೋರಿತು. 17ರ ಪ್ರಾಯದಲ್ಲಿ ಅಷ್ಟು ಅತಿ ಇರಬಹುದು.

ಮರುದಿನವೇ ತಂದೆ ಮಗಳಿಬ್ಬರೂ ವಿದ್ಯಾರ್ಥಿನಿಲಯಕ್ಕೆ ಹೋಗಿ ಮೇಲ್ವಿಚಾರಕಿಯವರನ್ನು ಕಂಡು ಬಂದರು. ಮುಂದಿನ ಭಾನುವಾರದಿಂದ ಓದು ಆರಂಭವಾಯಿತು. ಎರಡನೆಯ ವಾರ ಹುಡುಗಿ ನಮ್ಮಲ್ಲಿಗೆ ಬಂದು ಹುಣಿಸೆಬೀಜ ಕೇಳಿದಳು. ನಮ್ಮ ಮನೆಯವರು ಒಂದು ಪೊಟ್ಟಣ ಕಟ್ಟಿಕೊಟ್ಟರು. ಐದನೆಯ ವಾರ ಅವಳಿಗೆ ಜ್ವರ ಬಂದಿತು. ಶನಿವಾರ ಮಧ್ಯಾಹ್ನವೇ ಫೋನ್ ಮಾಡಿ ನಾಳೆ ಬರಲಾರೆನೆಂದು ತಿಳಿಸಿದಳಂತೆ. ಅಷ್ಟಕ್ಕೆ ಮುಗಿಯಬಹುದಿತ್ತು. ಆದರೆ ಸೋಮವಾರ ಅವರಿಗೆ ಭೂಗೋಳದ ಕಿರುಪರೀಕ್ಷೆ ಇತ್ತು. ಹುಡುಗಿ ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ ತಂದೆಯನ್ನು ನೋಡಿದಳು.

ಕಳೆದ ಭಾನುವಾರ ನಾವು ತರಕಾರಿ ತರಲು ಹೋದಾಗ ರಾಯರು ಆ ಕಡೆಯಿಂದ ಕೈಚೀಲ ಹಿಡಿದು ಬರುತ್ತಿದ್ದರು. ಚೀಲದಿಂದ ಒಂದು ರಟ್ಟಿನ ತುದಿ ಹೊರಗೆ ಕಾಣುತ್ತಿತ್ತು. ಏನು ವಿಶೇಷವೆಂದೆವು. ಎರಡು ಗಂಟೆ ಓದಿ ಗಂಟಲು ಒಣಗಿದೆ ಎಂದರು. ತಾವು ಬ್ಯಾಂಕಿನಲ್ಲಿ ಲೆಕ್ಕ ಓದಿದ ಹಾಗೆ ಓಡಿಸುತ್ತಾರೆಂದು ಮಕ್ಕಳೆಲ್ಲ ಸೇರಿ ಮೂರು ಸಲ ನಿಲ್ಲಿಸಿದರಂತೆ. ತುಂಗಭದ್ರೆಯ ನೂಲು ಕಿತ್ತುಬಂದಿದೆ, ರಾತ್ರಿಗೆ ಅಂಟಿಸಬೇಕು, ಗೋಂದು ಯಾವ ಅಂಗಡಿಯಲ್ಲಿ ಒಳ್ಳೆಯದು ಸಿಗುವುದು ಎಂದು ಕೇಳಿ, ನಾವು ಹೇಳಿದ ಅಂಗಡಿಯ ಕಡೆಗೆ ತಿರುಗಿದರು.